ಯಾವೂರು ಮಗಾ ಅಂತ ಕೇಳ್ಬುಟ್ಟೆ

ಅಕ್ಕಂದ್ರೆ, ತಂಗ್ಯಮ್ಮಂದ್ರೆ, ನಾನು ಲಂಡನ್ನಿಂದ ವಾಪಸ್ ಬಂದು ಮೂರು ತಿಂಗ್ಳಾಯ್ತು. ಸಿಕ್ಕೋರೆಲ್ಲಾ ಎರಡೇ ಮಾತು ಕೇಳ್ತಾರೆ. ಒಂದು, "ಮೊಮ್ಮಗ ಯಾರಂಗವ್ನೆ?" ಇನ್ನೊಂದು, "ಅಲ್ಲಿಗೋಗೂ ರೇಷನ್ ಹಂಚ್ತಿದ್ಯಂತಲ್ಲ, ನಿಜ್ವಾ?" ಮೊದಲ್ನೇದಕ್ಕೆ ಉತ್ರ ಸುಲಭ: ಮೂಗು ಅಳಿಯಂದು, ಹಟ ನಂದು. ಎರಡ್ನೇದು ಉದ್ದ. ಯಳಂದೂರಿನ ತವರುಮನೇಲಿ ಹೇಳಕ್ಕೆ ಕುಂತ್ರೆ ಅರ್ಧಕ್ಕೇ ಯಾರಾರಾ ಕಾಫಿ ತಂದ್ಬುಡ್ತಾರೆ, ಮಾತು ಎತ್ಲಾಗೋ ಹೋಯ್ತದ. ಅದ್ಕೆ ಕುಂತು ಬರೀತಾ ಇವ್ನಿ.

ಹೋಗಿದ್ದು ಮಗಳ ಬಾಣಂತನಕ್ಕೆ. ನಮ್ಮ ಹುಡ್ಗಿ ಅಲ್ಲಿ ನರ್ಸು, ನಿಮ್ಗೆಲ್ಲಾ ಗೊತ್ತಿರಾದೇ. 2024ರ ಅಕ್ಟೋಬರಲ್ಲಿ ಬಜೆ, ಜಾಯಿಕಾಯಿ, ಹರಳೆಣ್ಣೆ, ಬಾಣಂತಿ ಖಾರದ ಪುಡಿ ಎಲ್ಲಾ ಸೀರೆ ಮಧ್ಯೆ ಸುತ್ಕಂಡು ವಿಮಾನ ಹತ್ತಿದೆ. ಎಣ್ಣೆ ಬಾಟ್ಲಿ ಒಡೆದು ಎರಡು ಸೀರೆ ಹಾಳಾದ ಕಥೆ ಬ್ಯಾಡ ಬುಡಿ.

ಮೊದ್ಲ ರಾತ್ರಿನೇ ಒಂದು ವಿಚಿತ್ರ ಆಯ್ತು. ನಿದ್ದೆ ಬರ್ದೆ ಕಿಟಕೀಲಿ ನೋಡ್ತಾ ನಿಂತಿದ್ದೆ, ಬೀದಿ ದೀಪದ ಕೆಳಗೆ ಒಂದು ನರಿ ನಿಂತದ. ನಾಯಲ್ಲ, ನರಿ! ಕಸದ ಡಬ್ಬ ಮೂಸ್ಕಂಡು, ನನ್ನೂ ಒಂದ್ಸಲ ನೋಡ್ಬುಟ್ಟು, ಯಾರ ಅಪ್ಪನ ಮನೆ ಗಂಟೂ ಅಲ್ಲ ಅನ್ನಂಗೆ ನಡ್ಕಂಡು ಹೋಯ್ತು. ಯಾರ್ಗಾರಾ ಅದೃಷ್ಟ ಹೊಡುದ್ರೆ ನರಿ ಮಕ ನೋಡ್ಕಂಡು ಎದ್ದವ್ನೆ ಅಂತೀವಲ್ಲ, ನಮ್ಮ ಬಿಳಿಗಿರಿರಂಗನ ಬೆಟ್ಟದ ಮಗ್ಗುಲಲ್ಲೇ ಹುಟ್ಟಿ ಬೆಳೆದ್ರೂ ನಾ ಹಂಗೆ ಎದುರಾಬದ್ರು ನರಿ ಮಕ ನೋಡಿದ್ದು ಲಂಡನ್ನಿನ ಬೀದೀಲಿ. ಬೆಳಿಗ್ಗೆ ಹೇಳುದ್ರೆ ಅಳಿಯ ನಗ್ತಾ, "ಅತ್ತೆ, ಇಲ್ಲಿ ದಿನಾ ಬತ್ತವೆ, ಹಂಗಾದ್ರೆ ಈ ಊರಿನೋರೆಲ್ಲಾ ಅದೃಷ್ಟವಂತ್ರೇ" ಅಂದ. ಹೌದೋ ಅಲ್ವೋ ಆಮೇಲೆ ನೋಡ್ದೆ.

ಅವ್ರ ಮನೆ ಇರಾದು ಈಸ್ಟ್ ಹ್ಯಾಮ್ ಅನ್ನೋ ಕಡೆ. ಅಂಗಡಿ ಬೀದಿಗೆ ಹೋದ್ರೆ ನುಗ್ಗೇಕಾಯಿ, ರಾಗಿ ಹಿಟ್ಟು, ವೀಳ್ಯದೆಲೆ, ಮಲ್ಲಿಗೆ ದಿಂಡು ಎಲ್ಲಾ ಸಿಕ್ತದ. ಲಕ್ಷ್ಮಿ ಗುಡಿ, ಮುರುಗನ್ ಗುಡಿ ಎರಡೂ ಅದೇ ಕಡೆ. ಎಲ್ಲಾ ತಮಿಳೇ. ನಂಗೇನು ಕಷ್ಟ ಆಗ್ನಿಲ್ಲ. ನಮ್ಮ ಕೊಳ್ಳೇಗಾಲ 1956ರ ತನಕ ಮದ್ರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೇಲೇ ಇದ್ದದ್ದಲ್ವಾ, ನಮ್ಮತ್ತೆ ಲೆಕ್ಕ ಹಾಕ್ತಿದ್ದದ್ದೇ ತಮಿಳಲ್ಲಿ. ಅವ್ರು ಬೈಯ್ತಿದ್ದ ತಮಿಳು ಲಂಡನ್ನಲ್ಲಿ ತರಕಾರಿ ಚೌಕಾಸಿಗೆ ಬಂತು.

ಊರು ಅಂದ್ರೆ ಊರೇ ಕನವ್ವ. ನೆಲದೊಳಗಿನ ರೈಲಿಗೆ ಇಳಿಯೋ ಓಡೋ ಮೆಟ್ಲಲ್ಲಿ ಬಲಗಡೆ ನಿಂತ್ಕಬೇಕು, ಎಡಗಡೆ ಓಡೋರ್ಗೆ ಬುಡ್ಬೇಕು. ನಾ ಮೊದ್ಲ ದಿನ ಎಡಗಡೆ ನಿಂತೆ, ಹಿಂದ್ಗಡೆ ಒಂದು ಇಪ್ಪತ್ತು ಜನ ನಿಂತ್ಬುಟ್ರು. ಯಾರೂ ಬೈಯ್ನಿಲ್ಲ. "ಸಾರಿ" ಅಂದ್ರು, ತಪ್ಪು ನಂದು, ಸಾರಿ ಅವ್ರದ್ದು. ರೈಲೊಳಗೆ ಉಸ್ರಾಡಕ್ಕೂ ಜಾಗ ಇಲ್ಲ, ಆದ್ರೆ ಒಬ್ರೂ ಒಬ್ರನ್ನ ಮಾತಾಡ್ಸಲ್ಲ. ಚಿಕ್ಕಲ್ಲೂರು ಜಾತ್ರೆಯಷ್ಟು ಜನ, ಸಾವಿನ ಮನೆಯಷ್ಟು ಮೌನ. ಅಕ್ಟೋಬರ್ ಕೊನೆ ಭಾನುವಾರ ಇಡೀ ದೇಶದ ಗಡಿಯಾರನೇ ಒಂದ್ಗಂಟೆ ಹಿಂದಕ್ಕೆ ತಿರುಗಿಸ್ತಾರೆ, ಆಮೇಲೆ ಡಿಸೆಂಬರಲ್ಲಿ ಸಾಯಂಕಾಲ ನಾಕ್ಗಂಟೆಗೆಲ್ಲಾ ಕತ್ಲು. ದೀಪ ಹಚ್ಚಾದು ಯಾವಾಗ ಅನ್ನಾದೇ ಗೊತ್ತಾಗದು.

ಒಂದು ಭಾನುವಾರ ಕೂಸಿನ ಕಟ್ಕಂಡು ಬಸವಣ್ಣನ ನೋಡಕ್ಕೆ ಹೋಗಿದ್ವಿ. ಥೇಮ್ಸ್ ಹೊಳೆ ದಂಡೇಲಿ, ಪಾರ್ಲಿಮೆಂಟಿನ ಎದುರು ದಡದಲ್ಲಿ ಅವ್ರ ಪುತ್ಥಳಿ ಅದ, 2015ರ ನವೆಂಬರಲ್ಲಿ ಇಟ್ಟದ್ದು. ಅಲ್ಲಿಗೆ ನಡ್ಕಂಡು ಹೋಗೋ ದಾರಿ ಉದ್ದಕ್ಕೂ ಒಂದು ಗೋಡೆ, ಅದ್ರ ಮೇಲೆ ಕೆಂಪು ಬಣ್ಣದ ಹೃದಯ ಬರೆದವ್ರೆ, ಕೊರೊನಾದಲ್ಲಿ ಸತ್ತ ಒಬ್ಬೊಬ್ರಿಗೆ ಒಂದೊಂದು. ಎರಡು ಲಕ್ಷಕ್ಕೂ ಮೇಲೆ ಅವೆ ಅಂದ ಅಳಿಯ. ಬಸವಣ್ಣನ ನೋಡಕ್ಕೆ ಹೋದೋಳು ಆ ಗೋಡೆ ಮುಂದೆನೇ ಬಾಳ ಹೊತ್ತು ನಿಂತೆ. ಕೊರೊನಾ ಟೈಮಲ್ಲಿ ಮನೆ ಮನೆ ಸರ್ವೆಗೆ ನಮ್ಮನ್ನೂ ಕಳ್ಸಿದ್ರಲ್ಲ, ಆ ದಿನಗಳು ನೆಪ್ಪಿಗೆ ಬಂದ್ವು.

ಇಷ್ಟೆಲ್ಲಾ ನೋಡ್ದೆ, ಆದ್ರೆ ನಂಗೆ ಮೂರು ತಿಂಗ್ಳಿಗೇ ಬಾಯಿ ಕಟ್ಟಿಹೋಯ್ತು. ಮನೇಲಿ ಮಗಳು, ಅಳಿಯ, ಕೂಸು. ಹೊರಗೆ ಹಲೋ, ಥ್ಯಾಂಕ್ಯೂ, ಸಾರಿ. ನಮ್ಮಲ್ಲಿ ಕೊಳ್ಳೇಗಾಲದ ಬಸ್ ಸ್ಟ್ಯಾಂಡಲ್ಲಿ ಹನೂರು ಬಸ್ಸಿಗೆ ಹತ್ತು ನಿಮಿಷ ಕುಂತ್ರೆ ಸಾಕು, ಪಕ್ಕದೋಳು ಯಾವೂರವ್ವಾ, ಯಾರ ಮನೆಯವ್ರು, ಎಷ್ಟು ಮಕ್ಳು, ಆಪ್ರೇಷನ್ ಆಗದಾ ಅಂತ ಎಲ್ಲಾ ಕೇಳಿ ತಿಳ್ಕಬುಡ್ತಾಳೆ. ಅಲ್ಲಿ ಅಷ್ಟು ದಿನದಲ್ಲಿ ಒಬ್ರೂ ನನ್ನ "ಯಾವೂರು" ಅಂತ ಕೇಳ್ನಿಲ್ಲ. ಕೇಳುದ್ರೆ ಹೇಳಕ್ಕೆ ಅಂತ ಇಂಗ್ಲೀಷಲ್ಲಿ ನಾಕು ಮಾತು ಬಾಯಿಪಾಠ ಮಾಡ್ಕಂಡಿದ್ದೆ, ಬಿಳಿಗಿರಿರಂಗನ ಬೆಟ್ಟ, ಹುಲಿ, ಆನೆ, ರೇಷ್ಮೆ ಅಂತ. ಹಂಗೇ ಉಳಿದ್ಹೋಯ್ತು.

ಎದುರುಮನೇಲಿ ಜಮೈಕಾ ಕಡೆ ಅಜ್ಜಿ ಒಬ್ರು ಇದ್ರು. ನನಗಿಂತ ಹತ್ತು ವರ್ಷ ದೊಡ್ಡೋರು, ನೆಟ್ಗೆ ಬೆನ್ನು. ವಾರಕ್ಕೆರಡು ದಿನ ಚರ್ಚಿನ ಹಾಲಿಗೆ ಹೋಗೋರು. ಮಗಳು ವಿಚಾರಿಸಿದ್ಲು, ಅಲ್ಲಿ ಫುಡ್ ಬ್ಯಾಂಕ್ ನಡೀತದ, ಮನೇಲಿ ಅಕ್ಕಿ ಬ್ಯಾಳೆ ಇಲ್ದೋರ್ಗೆ ಮೂರು ದಿನಕ್ಕಾಗೋಷ್ಟು ಸಾಮಾನು ಕೊಡ್ತಾರೆ ಅಂತ. ನಾ ನಂಬ್ನಿಲ್ಲ. ಲಂಡನ್ನಲ್ಲಿ ಹಸ್ಕಂಡಿರೋರಾ? ಅಳಿಯ ಮೊಬೈಲ್ ತೆಗೆದು ತೋರಿಸ್ದ. ಟ್ರಸಲ್ ಅನ್ನೋ ಒಂದು ಸಂಸ್ಥೆ, 2000ದಲ್ಲಿ ಸಾಲ್ಸ್‌ಬರಿ ಅನ್ನೋ ಊರಲ್ಲಿ ತನ್ನ ಮೊದಲ್ನೇ ಫುಡ್ ಬ್ಯಾಂಕ್ ಶುರು ಮಾಡಿದ್ದು, ಅದ್ರ ಜೊತೆ ಸೇರಿದ ಫುಡ್ ಬ್ಯಾಂಕುಗಳೇ 2023-24ರಲ್ಲಿ 31 ಲಕ್ಷ ಸಲ ಹಂಗೆ ಸಾಮಾನು ಕಟ್ಟಿಕೊಟ್ಟವೆ. ಗುರುದ್ವಾರದಲ್ಲಿ ಊಟ ಹಾಕಾದು ಬೇರೆ ಲೆಕ್ಕ. ನರಿ ಮಕ ನೋಡೋ ಊರು, ಅದೃಷ್ಟ ನೋಡ್ರವ್ವ.

"ನಾನೂ ಹೋಯ್ತಿನಿ" ಅಂದೆ.

ಮಗಳಿಗೆ ಮಕ ಸಣ್ಣಗಾಯ್ತು. "ಅಮ್ಮ, 29 ವರ್ಷ ಅದ್ನೇ ಗೇಯ್ದಿದ್ಯ. ಇಲ್ಲಾರಾ ಒಸಿ ಸುಮ್ನಿರು" ಅಂದ್ಲು. ಅಳಿಯಂಗೆ ವೀಸಾ ಚಿಂತೆ. ನೋಡಕ್ಕೆ ಬಂದೋರು ಸಂಬಳಕ್ಕೆ ದುಡಿಯಂಗಿಲ್ಲ, ಸೇವೆ ಮಾಡುದ್ರೂ ನೋಂದಣಿ ಆಗಿರೋ ಧರ್ಮ ಸಂಸ್ಥೇಲೇ ಆಗ್ಬೇಕು, ಅದೂ ಒಟ್ಟು 30 ದಿನ ಮೀರಂಗಿಲ್ಲ. ಸೇವೆಗೂ ದಿನ ಎಣ್ಸೋ ದೇಶ! ನಮ್ಮ ಕಡೆ ಮಾದಪ್ಪನ ಬೆಟ್ಟಕ್ಕೆ ನಡ್ಕಂಡು ಹೋಗೋರ್ಗೆ ಹನೂರು ರಸ್ತೆ ಉದ್ದಕ್ಕೂ ಮಜ್ಜಿಗೆ, ಪಾನಕ, ಅನ್ನ ಸಾರು ಕೊಡೋ ಜನಕ್ಕೆ ಹೇಳುದ್ರೆ ನಗ್ತಾರೆ. ಅಳಿಯ ಮಾತ್ರ ಕ್ಯಾಲೆಂಡರಲ್ಲಿ ಫೆಬ್ರವರಿ ಒಂದು ದಿನಕ್ಕೆ ಗೀಟು ಹಾಕಿ, ಅಲ್ಲಿಂದ ಲೆಕ್ಕ ಹಾಕಿ ಮೂವತ್ತಕ್ಕೆ ಮುಂಚೇನೇ ಇನ್ನೊಂದು ಗೀಟು ಹಾಕ್ದ. ಒಳ್ಳೆ ಹುಡ್ಗ, ಹೆದ್ರುಪುಕ್ಲ.

ಅರ್ಜಿ ತುಂಬ್ವಾಗ ಒಂದು ಜಗಳ ಆಯ್ತು. ಅದ್ರಲ್ಲಿ ಒಂದು ಪ್ರಶ್ನೆ: ಮುಂಚೆ ಯಾವಾಗಾರಾ ಸ್ವಯಂಸೇವೆ ಮಾಡಿದ್ದೀರಾ? "29 ವರ್ಷ ಅಂತ ಬರಿ" ಅಂದೆ. "ಅತ್ತೆ, ನೀವು ಅಂಗನವಾಡಿ ಟೀಚರ್, ಅದು ಕೆಲ್ಸ" ಅಂದ. "ಕಾಗದ್ದಲ್ಲಿ ನಾವು ಗೌರವ ಸೇವಕಿ ಕನಪ್ಪ, ಬರಿ" ಅಂದೆ.

ನಗಬ್ಯಾಡಿ, ಇದು ನಿಜ. 1975ರ ಅಕ್ಟೋಬರ್ 2ಕ್ಕೆ ಈ ಯೋಜನೆ ದೇಶದಲ್ಲಿ ಶುರುವಾದಾಗ ಕರ್ನಾಟಕದ ಮೊದಲ್ನೇದು ನಮ್ಮ ಪಕ್ಕದ ತಿ. ನರಸೀಪುರದಲ್ಲೇ ಆದದ್ದು. ಆವತ್ತಿಂದ ಇವತ್ತಿನ ತನಕ ಅಂಗನವಾಡಿಯೋರ್ಗೆ ಬರಾದು ಸಂಬಳ ಅಲ್ಲ, ಗೌರವಧನ. ನಾನು ಹನೂರು ಕಡೆ ಸೇರ್ದಾಗ ತಿಂಗ್ಳಿಗೆ 400 ಚಿಲ್ರೆ ರೂಪಾಯಿ. 2006ರಲ್ಲಿ ನಮ್ಮ ಕರ್ನಾಟಕದ್ದೇ ಒಂದು ಕೇಸಲ್ಲಿ ಸುಪ್ರೀಂ ಕೋರ್ಟು, ಇವ್ರು ಸರ್ಕಾರಿ ಹುದ್ದೇಲಿರೋರಲ್ಲ ಅಂತು. 2022ರ ಏಪ್ರಿಲಲ್ಲಿ ಅದೇ ಕೋರ್ಟು, ಗುಜರಾತಿನ ಹೆಣ್ಮಕ್ಳು ಹಾಕಿದ ಕೇಸಲ್ಲಿ, ಇವ್ರಿಗೆ ಗ್ರಾಚ್ಯುಟಿ ಸಲ್ಬೇಕು ಅಂತು. ನಡುವೆ ನಾವು ಕೂಸಿನ ತೂಕ, ಚುಚ್ಚುಮದ್ದು, ಓಟರ್ ಲಿಸ್ಟು, ಸರ್ವೆ ಅಂತ ತಿರುಗಿದ್ದೇ ತಿರುಗಿದ್ದು. ಅಲ್ಲಿ ಸೇವೆ ಅಂದ್ರೆ ಹೊಟ್ಟೆ ತುಂಬ್ದೋರು ಬಿಡುವಿದ್ದಾಗ ಮಾಡಾದು. ನಮ್ಮಲ್ಲಿ ಗೇಯ್ಮೆಗೇ ಸೇವೆ ಅಂತ ಹೆಸ್ರಿಟ್ಬುಟ್ರೆ ಸಂಬಳ ಮಿಗ್ತದ. ಅಳಿಯ ಕೊನೆಗೆ ಬರೆದ, 29 ವರ್ಷ ಅಂತ. ಆ ಹಾಲಿನ ಮೇಡಮ್ಮು, ರಿಟೈರ್ ಆದ ಇಸ್ಕೂಲ್ ಮೇಷ್ಟ್ರು, ಅದ ಓದಿ ಎದ್ದು ನಿಂತು ಕೈ ಕುಲುಕಿದ್ರು. ನಂಗೆ ನಾಚ್ಕೆನೂ ಆಯ್ತು, ಒಂಥರಾ ಸಂಕಟನೂ ಆಯ್ತು.

ಕೆಲ್ಸ ನಂಗೆ ಹೊಸದಲ್ಲ. ಜನ ತಂದುಕೊಡೋ ಸಾಮಾನು ಬಂದ ತಕ್ಷಣ ತಕ್ಕಡಿ ಮೇಲಿಟ್ಟು ತೂಕ ಬರ್ಕಬೇಕು. ನಾ ಅಷ್ಟು ವರ್ಷ ತಕ್ಕಡೀಲಿ ಐಕ್ಳ ಕೂರ್ಸಿ ತೂಗಿದೋಳು, ಅಲ್ಲಿ ಕಾಳಿನ ಡಬ್ಬ ತೂಗ್ದೆ. ಆಮೇಲೆ ಡಬ್ಬದ ಮೇಲಿನ ತಾರೀಕು ನೋಡಿ, ಬೇಗ ಮುಗಿಯಾದು ಮುಂದ್ಗಡೆ, ತಡವಾಗಿ ಮುಗಿಯಾದು ಹಿಂದ್ಗಡೆ. ಬೀನ್ಸು, ಸೂಪು, ಟೊಮೇಟೊ, ಮೀನು ಎಲ್ಲಾ ಡಬ್ಬದಲ್ಲೇ. ಪಾಸ್ತಾ, ಅಕ್ಕಿ, ಸಕ್ರೆ, ಟೀ ಸೊಪ್ಪು, ಕೆಡದೇ ಇರೋ ಹಾಲಿನ ಪೊಟ್ಣ. ಟಾಯ್ಲೆಟ್ ಕಾಗದ, ಕೂಸಿಗೆ ಡೈಪರ್ರು, ಹೆಣ್ಮಕ್ಳ ಪ್ಯಾಡು ಬೇರೆ. ಇದು ನಂಗೆ ಮೆಚ್ಚಿಗೆ ಆಯ್ತು. ಹೊಟ್ಟೆ ಒಂದೇ ಅಲ್ವಲ್ಲ ಮನುಷ್ಯಂಗೆ.

ಸುಮ್ನೆ ಬಂದು ಕೈ ಒಡ್ಡಂಗಿಲ್ಲ. ಡಾಕ್ಟ್ರೋ, ಇಸ್ಕೂಲಿನೋರೋ, ಸಲಹೆ ಕೊಡೋ ಆಫೀಸಿನೋರೋ ಒಂದು ಚೀಟಿ ಕೊಟ್ಟಿರ್ಬೇಕು. ಚೀಟೀಲಿ ಮನೇಲಿ ಎಷ್ಟು ಜನ, ಐಕ್ಳೆಷ್ಟು ಅಂತ ಇರ್ತದ. ಮುಂದಿನ ಹಾಲಲ್ಲಿ ಮೇಜು, ಬಿಸ್ಕತ್ತು, ಟೀ. ಹಿಂದಿನ ಕೋಣೇಲಿ ನಾವು ಚೀಟಿ ನೋಡಿ ಚೀಲ ಕಟ್ಟಾದು. ನನ್ನ ಜೊತೆ ಯಾಳ್ಪಾಣದ ತಮಿಳಮ್ಮ ಒಬ್ರು, ಅವ್ರ ತಮಿಳು ನಂಗೆ ಅರ್ಧ, ನಂದು ಅವ್ರಿಗೆ ಮುಕ್ಕಾಲು ಅರ್ಥ ಆಗೋದು.

ಚೀಟೀಲಿ ಒಂದು ಗುರುತು ಇರ್ತದ, ಅದು ನನ್ನ ಎದೆಗೆ ನಾಟ್ತು. ಮನೇಲಿ ಒಲೆ ಅದಾ, ಇಲ್ಲ ಬರೀ ಕೆಟಲ್ಲಾ? ಒಂದೇ ರೂಮಲ್ಲಿ ಬಾಡಿಗೆಗಿರೋರ್ಗೆ ಒಲೆ ಇರಲ್ಲ. ಕೆಲವ್ರ ಮನೇಲಿ ಒಲೆ ಇದ್ರೂ ಕರೆಂಟಿಗೆ ಮುಂಗಡ ಕಾಸು ತುಂಬಕ್ಕೆ ಆಗಿರಲ್ಲ. ಅಂತೋರ್ಗೆ ಅಕ್ಕಿ ಕೊಟ್ರೆ ಏನ್ ಮಾಡ್ತಾರೆ? ಬಿಸಿನೀರು ಹುಯ್ದ್ರೆ ಆಗೋದು, ಡಬ್ಬ ಕಿತ್ತು ಹಂಗೇ ತಿನ್ನೋದು, ಅಂತದ್ದೇ ಹಾಕ್ಬೇಕು. ಡಬ್ಬನೂ ಕತ್ರಿ ಬೇಕಿಲ್ದೆ ಉಂಗ್ರ ಹಿಡಿದು ಎಳೆಯೋ ತರದ್ದು. ಅದ್ಕೆ ಬೇರೆ ಶೆಲ್ಫೇ ಇತ್ತು. ನಮ್ಮಲ್ಲಿ ಎಂತಾ ಬಡವ್ರ ಮನೇಲೂ ಮೂರು ಕಲ್ಲು, ನಾಕು ಪುಳ್ಳೆ ಇರ್ತದಲ್ಲವ್ವ. ಅಂತಾ ಊರಲ್ಲಿ ಒಲೆ ಇಲ್ದ ಬಡತನ ನೋಡ್ದೆ.

ಮೊದ್ಲ ದಿನನೇ ಮೇಡಮ್ಮು ನಿಯಮ ಹೇಳಿದ್ರು. ಟೀ ಬೇಕಾ ಕೇಳಿ. ಅವ್ರು ಮಾತಾಡುದ್ರೆ ಕಿವಿಗೊಡಿ. ಯಾಕೆ ಬಂದ್ರಿ, ಎಲ್ಲಿಯೋರು, ಏನ್ ಕೆಲ್ಸ ಅಂತ ಕೆದಕ್ಬ್ಯಾಡಿ. ಚೀಟಿ ಬರೆದೋರು ಒಂದ್ಸಲ ಎಲ್ಲಾ ಕೇಳಿರ್ತಾರೆ, ಇಲ್ಲೂ ಹೇಳ್ಬೇಕಾದ್ರೆ ಎರಡ್ನೇ ಸಲ ಮಾನ ಹೋದಂಗೆ. ಯಾಳ್ಪಾಣದಮ್ಮ ಅದ್ನ ತಮಿಳಲ್ಲಿ ಇನ್ನೊಂದ್ಸಲ ಹೇಳಿದ್ರು. ತಲೆ ಆಡಿಸ್ದೆ. ತಲೆ ಆಡ್ಸಾದೇನು ಕಷ್ಟ.

ಎರಡ್ನೇ ವಾರದ ಶುಕ್ರವಾರ ಜನ ಜಾಸ್ತಿ ಇತ್ತು. ಟೀ ಕೊಡಕ್ಕೆ ನನ್ನ ಮುಂದ್ಗಡೆ ಕಳ್ಸಿದ್ರು. ಮೂಲೆ ಮೇಜಲ್ಲಿ ಒಂದು ಹುಡ್ಗಿ. ಇಪ್ಪತ್ತೆರಡು ಇಪ್ಪತ್ಮೂರು ಇರ್ಬೋದು. ಕಪ್ಪು ಜಾಕೀಟು, ಟೋಪಿ ಹುಬ್ಬಿನ ತನಕ ಎಳ್ಕಂಡಿತ್ತು. ಓದಕ್ಕೆ ಬಂದ ಹುಡ್ಗಿ ಅಂತ ನೋಡುದ್ರೇ ಗೊತ್ತಾಗೋದು. ಅಂತೋರು ಬತ್ತಿದ್ರು. ಕಾಲೇಜು ನಡೆಯೋ ದಿನದಲ್ಲಿ ವಾರಕ್ಕೆ 20 ಗಂಟೆ ಮೇಲೆ ದುಡಿಯಂಗಿಲ್ಲ, ಆ ಸರ್ಕಾರದ ಸಹಾಯಧನನೂ ಅವ್ರಿಗಿಲ್ಲ, ಆದ್ರೆ ಇದು ಸರ್ಕಾರದ್ದಲ್ವಲ್ಲ, ಇಲ್ಲಿಗೆ ಬರ್ಬೋದು. ಊರಲ್ಲಿ ಅಪ್ಪ ಅಮ್ಮ ಸಾಲ ಮಾಡಿ ಕಳ್ಸಿರ್ತಾರೆ.

ಆ ಹುಡ್ಗಿ ಕಾಲತ್ರ ಒಂದು ಬಟ್ಟೆ ಅಂಗಡಿ ಚೀಲ ಇಟ್ಕಂಡಿತ್ತು. ನಾಕಾಗಿ ಮಡ್ಸಿ ಮಡ್ಸಿ ಗೆರೆ ಬಿದ್ದಿದ್ದ ಹಳೇ ಚೀಲ. ಅದ್ರ ಮೇಲೆ ಕನ್ನಡ ಅಕ್ಷರ! ಮೈಸೂರು ಅಂತ ಬರೆದದ.

ಅವ್ವಾ, ನಂಗೆ ಏನಾಯ್ತೋ. ನಿಯಮನೂ ಇಲ್ಲ, ಮೇಡಮ್ಮೂ ಇಲ್ಲ. ಕೈಯಲ್ಲಿ ಟೀ ಇಟ್ಕಂಡೇ ಬಗ್ಗಿ, "ಯಾವೂರು ಮಗಾ? ಮೈಸೂರಾ? ಯಾರ ಮಗ್ಳವ್ವಾ ನೀನು?" ಅಂದ್ಬುಟ್ಟೆ. ಜೋರಾಗೇ ಅಂದಿರ್ಬೇಕು. ಖುಷಿ ನಂಗೆ.

ಹುಡ್ಗಿ ಮಕ ಎತ್ತಿ ನನ್ನ ನೋಡ್ತು. ಅದಕ್ಕೆ ಅರ್ಥ ಆಗದ ಅಂತ ಕಣ್ಣಲ್ಲೇ ಗೊತ್ತಾಯ್ತು. ಆದ್ರೆ ಬಾಯಲ್ಲಿ ಇಂಗ್ಲೀಷು ಬಂತು, "ಸಾರಿ?" ಅಂತ. ಆಮೇಲೆ ಆ ಚೀಲನ ಅಕ್ಷರ ಒಳಗಡೆ ಹೋಗಂಗೆ ತಿರುವಿ ಮಡಚ್ಕಳ್ತು. ನಾ ಇನ್ನೂ ಅಲ್ಲೇ ನಿಂತಿವ್ನಿ. "ನಾನು ಕೊಳ್ಳೇಗಾಲದೋಳು ಮಗಾ" ಅಂತ ಬೇರೆ ಅಂದೆ. ಟೀ ಮುಟ್ನಿಲ್ಲ. ಫೋನ್ ಬಂದಂಗೆ ಮಾಡ್ಕಂಡು ಎದ್ದು ಬಾಗ್ಲ ಕಡೆ ಹೋಯ್ತು. ಯಾಳ್ಪಾಣದಮ್ಮ ಒಳಗಿಂದ ಚೀಲ ಎತ್ಕಂಡು ಬಂದು ನಂಬರ್ ಕೂಗಿದ್ರು. ಯಾರೂ ಬರ್ನಿಲ್ಲ. ಅವ್ರ ಕೈಲಿದ್ದ ಚೀಟಿ ನೋಡ್ದೆ: ಒಬ್ರು, ಬರೀ ಕೆಟಲ್ಲು.

ಬೀದಿ ತುದಿ ತನಕ ಓಡ್ದೆ, ಚಪ್ಪಲಿ ಮೇಲೆ ಕಾಲುಚೀಲ ಹಾಕ್ಕಂಡು ಆ ಚಳೀಲಿ. ಆ ಅಂಗಡಿ ಬೀದೀಲಿ ಕಪ್ಪು ಜಾಕೀಟು ನೂರು ಅವೆ.

ಮೇಡಮ್ಮು ಬೈಯ್ನಿಲ್ಲ. ಬೈದಿದ್ರೆ ಬೇಸಿತ್ತು. "ಮನೆ ನೆನಪಾಯ್ತಾ?" ಅಂತ ಕೇಳಿದ್ರು, ಅಷ್ಟೇ. ಆ ಚೀಲ ಸಾಯಂಕಾಲದ ತನಕ ಮೇಜಿನ ಮೇಲೇ ಇತ್ತು. ಆಮೇಲೆ ಬಿಚ್ಚಿ ಒಂದೊಂದೇ ಡಬ್ಬ ಶೆಲ್ಫಿಗೆ ವಾಪಸ್ ಇಟ್ಟೋಳು ನಾನೇ. ತಾರೀಕು ನೋಡಿ, ಬೇಗ ಮುಗಿಯಾದು ಮುಂದ್ಗಡೆ.

ಆ ರಾತ್ರಿ ಕೂಸಿನ ತೊಡೆ ಮೇಲೆ ಹಾಕ್ಕಂಡು ಕುಂತಿದ್ದೆ. "ಅವ್ರ ಊರಲ್ಲಿ ಹಂಗೆ, ನಮ್ಮೂರಲ್ಲಿ ಕೇಳಾದೇ ಪ್ರೀತಿ" ಅಂತ ಮಗಳು ಸಮಾಧಾನ ಹೇಳಿದ್ಲು. ಹೂ ಅಂದೆ. ಆದ್ರೆ ಅದು ನಿಜ ಅಲ್ಲ ಕನವ್ವ. ನಂಗೆ ಗೊತ್ತಿತ್ತು.

2017ರಲ್ಲಿ ಮಾತೃಪೂರ್ಣ ಬಂತಲ್ಲ, ಬಸ್ರಿ ಬಾಣಂತೀರು ಮಧ್ಯಾಹ್ನ ಅಂಗನವಾಡಿಗೇ ಬಂದು ಅನ್ನ ಸಾರು ಮೊಟ್ಟೆ ಉಣ್ಬೇಕು ಅಂತ. ನಮ್ಮ ಊರಲ್ಲಿ ಒಂದು ಮನೆ, ಒಂದು ಕಾಲಕ್ಕೆ ಬರ ಬಂದಾಗ ಊರಿಗೇ ರಾಗಿ ಅಳೆದುಕೊಟ್ಟ ಮನೆ. ಆಮೇಲೆ ಬೋರ್‌ವೆಲ್ಲು, ಸಾಲ, ಕುಡ್ತ ಅಂತ ಕುಸಿದ್ಹೋಗಿತ್ತು. ಆ ಮನೆ ಸೊಸೆ ಆರು ತಿಂಗ್ಳ ಬಸ್ರಿ, ರಕ್ತ ಕಮ್ಮಿ. ಅವ್ಳು ಬರ್ನಿಲ್ಲ. ಯಾಕ್ ಬರ್ನಿಲ್ಲ ಅಂತ ನಾ ಒಂದ್ಸಲನೂ ಕೇಳ್ನಿಲ್ಲ. ದಿನಾ ಒಂದೂವರೆಗೆ ಬ್ಯಾಗಲ್ಲಿ ಟಿಫನ್ ಕ್ಯಾರಿಯರ್ ಇಟ್ಟು, ಅದ್ರ ಮೇಲೆ ರಿಜಿಸ್ಟ್ರು ಇಟ್ಟು, "ಸೈನು ಹಾಕ್ಸ್ಕಬೇಕಿತ್ತು ಕನವ್ವ" ಅಂದ್ಕಂಡು ಹೋಗ್ತಿದ್ದೆ. ಅವ್ಳು ಒಳಗೋಗಿ ಸೈನು ಹಾಕಿ ಬ್ಯಾಗು ವಾಪಸ್ ತರೋಳು. ನಿಯಮದ ಪ್ರಕಾರ ಅದು ತಪ್ಪು, ಊಟ ಕೇಂದ್ರದಲ್ಲೇ ಉಣ್ಬೇಕು. ಈಗ ರಿಟೈರ್ ಆಗಿವ್ನಿ, ಏನ್ ಮಾಡ್ತಾರೆ. ಹುಟ್ಟಿದ ಕೂಸು 2 ಕೆಜಿ 800 ಗ್ರಾಂ ಇತ್ತು.

ಅಂತೋಳು ನಾನು ಆವತ್ತು ಬಾಯಿ ಬುಟ್ಟದ್ದು ಯಾಕೆ? ಆ ಹುಡ್ಗಿಗೆ ಒಳ್ಳೇದಾಗ್ಲಿ ಅಂತ ಅಲ್ಲ. ನಂಗೆ ಕನ್ನಡ ಬೇಕಿತ್ತು. ಮೂರು ತಿಂಗ್ಳು ನನ್ನ ಯಾರೂ ಯಾವೂರು ಅಂತ ಕೇಳಿರ್ನಿಲ್ವಲ್ಲ, ಆ ಆಸೇನ ಆ ಮಗೀನ ಮೇಲೆ ತೀರುಸ್ಕಂಡೆ. ಅದ್ರ ಹಸಿವಿಗಿಂತ ನನ್ನ ಹಸಿವು ಮುಂದೆ ನುಗ್ತು. ಆ ಹುಡ್ಗಿ ಲೆಕ್ಕ ಏನಿತ್ತು ಅಂತಾನೂ ಆಮೇಲೆ ಹೊಳೀತು: ನಮ್ಮೋರೊಬ್ಳು ನೋಡ್ಬುಟ್ಲು, ನಾಳೆ ಇವ್ಳು ಊರಿಗೆ ಫೋನ್ ಮಾಡ್ತಾಳೆ, ನಾಡಿದ್ದು ಅಪ್ಪನ ಕಿವಿಗೆ ಹೋಯ್ತದ. ಸುಳ್ಳಲ್ಲ. ನಾವು ಮಾಡೋರೇ ಅಲ್ವಾ? ನಾನೇ ಆ ರಾತ್ರಿ ತಂಗಿಗೆ ಫೋನ್ ಮಾಡಿ ಹೇಳಕ್ಕೆ ನಂಬರ್ ಒತ್ತಿ, ಆಮೇಲೆ ಕಟ್ ಮಾಡ್ದೆ.

ಮಾರ್ನೇ ವಾರದಿಂದ ನಾ ಹಿಂದಿನ ಕೋಣೆ ಬುಟ್ಟು ಈಚ್ಗೆ ಬರ್ನಿಲ್ಲ. ಟೀ ನಿಮ್ಗೇ ಇರ್ಲಿ ಅಂದೆ. ಮಂಗಳವಾರ ಬರ್ನಿಲ್ಲ, ಶುಕ್ರವಾರ ಬರ್ನಿಲ್ಲ. ಚೀಟಿ ಬಂದಾಗೆಲ್ಲಾ ನೋಡೋಳು, ಒಬ್ರು, ಕೆಟಲ್ಲು ಅಂತ ಅದಾ ಅಂತ. ಬತ್ತಿತ್ತು, ಆದ್ರೆ ಯಾವ್ದೋ ಮುದುಕಪ್ಪಂದು.

ಒಂದು ದಿನ ತಮಿಳು ಅಂಗಡೀಲಿ ತೆಳು ಅವಲಕ್ಕಿ ಪೊಟ್ಣ ಕಣ್ಣಿಗೆ ಬಿತ್ತು. ಕೂಸಿಗೆ ಉಡುಗೊರೆ ಅಂತ ನೆಂಟ್ರು ಕೊಟ್ಟಿದ್ದ ದುಡ್ಡಲ್ಲಿ ಎಂಟು ಪೊಟ್ಣ, ಹುರಿಗಡ್ಲೆ ನಾಕು ತಗಂಡೆ. ಹಾಲಿಗೆ ತಗಂಡೋಗಿ ಎಲ್ಲಾರಂಗೇ ತಕ್ಕಡಿ ಮೇಲಿಟ್ಟೆ. ಮೇಡಮ್ಮು ಇದೇನು ಅಂದ್ರು. "ನೋ ಕುಕ್ಕಿಂಗ್. ಹಾಟ್ ವಾಟರ್. ಫೈವ್ ಮಿನಿಟ್" ಅಂದೆ. ಒಂದು ಲೋಟದಲ್ಲಿ ಬಿಸಿನೀರು ಹುಯ್ದು, ಸಕ್ರೆ ಹಾಕಿ ತಿನ್ನಿಸ್ದೆ. ಜಮೈಕಾ ಅಜ್ಜಿ ಎರಡು ಸಲ ಹಾಕುಸ್ಕಂಡ್ರು. ಕೆಟಲ್ ಶೆಲ್ಫಲ್ಲಿ ಅವಲಕ್ಕಿಗೆ ಒಂದು ಜಾಗ ಆಯ್ತು. ಯಾಳ್ಪಾಣದಮ್ಮ ಚೀಟಿ ಮೇಲೆ ಇಂಗ್ಲೀಷಲ್ಲಿ ಹೆಂಗೆ ಮಾಡಾದು ಅಂತ ಬರೆದು ಅಂಟಿಸಿದ್ರು.

ಅಳಿಯ ಹಾಕಿದ್ದ ಎರಡ್ನೇ ಗೀಟಿನ ದಿನ ಬಂತು. ಕೊನೇ ಶುಕ್ರವಾರ. ಹೊತಾರೆಯಿಂದ ಜನವೋ ಜನ, ಚೀಟಿ ಮೇಲೆ ಚೀಟಿ. ಮಧ್ಯಾಹ್ನ ಆಗ್ತಿದ್ದಂಗೆ ಒಂದು ಬಂತು: ಒಬ್ರು, ಬರೀ ಕೆಟಲ್ಲು. ಸೂಪು, ಬೀನ್ಸು, ಬಿಸ್ಕತ್ತು, ಹಾಲು, ಟೀ, ಪ್ಯಾಡು, ಎಲ್ಲಾ ಇಟ್ಟೆ. ಅವಲಕ್ಕಿ ಒಂದು, ಹುರಿಗಡ್ಲೆ ಒಂದು. ಮೇಲೆ ಕಾಣೋ ಹಂಗೆ ಇಟ್ಟಿದ್ದೆ, ಆಮೇಲೆ ತೆಗೆದು ಬಿಸ್ಕತ್ತಿನ ಕೆಳಗೆ ಇಟ್ಟೆ.

ಯಾಳ್ಪಾಣದಮ್ಮ ಚೀಲ ಎತ್ಕಂಡು ಹೋದ್ರು. ಬಾಗ್ಲು ಅರ್ಧ ತೆಗೆದೇ ಇತ್ತು. ಅಲ್ಲಿಂದ ಮೂಲೆ ಮೇಜು ಕಾಣ್ತದ, ಒಂದು ಹೆಜ್ಜೆ ಮುಂದಿಟ್ರೆ ಸಾಕು. ಹೆಣ್ಣು ದನಿ ಒಂದು "ಥ್ಯಾಂಕ್ಯೂ" ಅಂತು. ಅಷ್ಟರಲ್ಲಿ ಯಾರು ಗುರುತು ಹಿಡೀತಾರೆ? ನಾ ಹೆಜ್ಜೆ ಇಡ್ನಿಲ್ಲ.

ಆಮೇಲಿನ ಚೀಟಿ: ಐದು ಜನ, ಒಲೆ ಅದ, ಕೂಸಿಗೆ ಡೈಪರ್ರು. ಅಕ್ಕಿ ತರಕ್ಕೆ ಏಣಿ ಹತ್ತಿದೆ.